ತಿರುಗಿಸಿ ಕಳುಹಿಸಿದ ಅಂಚೆ



ಊರಿನಿಂದ ಊರಿಗೆ ವರ್ಗವಾಗುವ ಮೇಷ್ಟರುಗಳಿಗೆಲ್ಲ ಗೊತ್ತಿರುವ ಒಂದು ಸಣ್ಣ ವಿಧಿಯುಂಟು. ಹೊಸ ಊರಿಗೆ ಗಂಟುಮೂಟೆ ಕಟ್ಟುವ ಮೊದಲು ಹಳೆಯ ಊರಿನ ಅಂಚೆಯ ಮನೆಗೆ ಹೋಗಿ, “ನನ್ನ ಹೆಸರಿಗೆ ಬರುವ ಕಾಗದಗಳನ್ನು ಇನ್ನು ಮುಂದೆ ಇಂಥ ವಿಳಾಸಕ್ಕೆ ತಿರುಗಿಸಿ ಕಳುಹಿಸತಕ್ಕದ್ದು” ಎಂದು ಬರೆದು, ರುಜು ಹಾಕಿ ಕೊಡುವುದು. ನಾನು ಹೊಸದುರ್ಗದಿಂದ ಹೊಳಲ್ಕೆರೆಗೆ ಹೋದಾಗ ಹೀಗೆ ಮಾಡಿದ್ದೆ. ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಬಂದಾಗಲೂ ಮಾಡಿದ್ದೆ. ಅಲ್ಲಿಯ ಪೋಸ್ಟ್‌ಮನ್ನರು ನನ್ನ ಹಳೆಯ ವಿಳಾಸದ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಗೀಚಿ ಕಳುಹಿಸಿದ ಕಾರ್ಡು ನಾಲ್ಕು ದಿನ ತಡವಾಗಿ ಕೈಸೇರಿದಾಗ, ದಾರಿ ತಪ್ಪಿದ ನೆಂಟನು ಕೇಳಿಕೊಂಡು ಕೇಳಿಕೊಂಡು ಮನೆಗೆ ಬಂದಷ್ಟು ಸಂತೋಷವಾಗುತ್ತಿತ್ತು.

ಈ ವಿಧಿಯಲ್ಲಿ ಒಂದು ವಿಶೇಷವಿತ್ತು. ಕಾಗದ ಒಂದೇ. ಅದು ನನ್ನ ಬಳಿಗೆ ಬಂದರೆ ಹೊಸದುರ್ಗದಲ್ಲಿ ಉಳಿಯುತ್ತಿರಲಿಲ್ಲ. ಹೊಸದುರ್ಗದಲ್ಲಿ ಉಳಿದರೆ ನನಗೆ ಬರುತ್ತಿರಲಿಲ್ಲ. ಎಲ್ಲಿಯಾದರೂ ಬೇರೆಯವರ ಕೈಗೆ ಹೋದರೆ, “ಕಾಗದ ಬರಲಿಲ್ಲವಲ್ಲ” ಎಂಬ ಕಾತರವೇ ನಮ್ಮನ್ನು ಎಚ್ಚರಿಸುತ್ತಿತ್ತು. ಈಗ ನಾವು ಇ-ಮೇಲ್ ಎಂದೂ ಕನ್ನಡದ ಉತ್ಸಾಹಿಗಳು ಮಿಂಚಂಚೆ ಎಂದೂ ಕರೆಯುವ ಹೊಸ ಅಂಚೆಯಲ್ಲಿ ಹಾಗಲ್ಲ. ತಿರುಗಿಸಿ ಕಳುಹಿಸಿದರೆ ಪ್ರತಿಯೊಂದು ಹೋಗುತ್ತದೆ, ಮೂಲವೂ ಇದ್ದಲ್ಲೇ ಇರುತ್ತದೆ. ಏನೂ ಕಾಣೆಯಾಗುವುದಿಲ್ಲ. ಕಾಣೆಯಾಗದ ವಸ್ತುವನ್ನು ಯಾರು ಹುಡುಕುತ್ತಾರೆ?

ಈ ವಿಚಾರ ನನ್ನ ತಲೆಗೆ ಹೊಕ್ಕದ್ದು ನನ್ನ ಹಳೆಯ ಶಿಷ್ಯನೊಬ್ಬನ ದೆಸೆಯಿಂದ. ಹಿರಿಯೂರಿನ ಕಡೆಯ ಹುಡುಗ. ಈಗ ಹುಡುಗನೇನಲ್ಲ, ಎರಡು ಮಕ್ಕಳ ತಂದೆ. ನಮ್ಮ ಸೀಮೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತು ರೆಕ್ಕೆ ತಿರುಗಿಸುವುದನ್ನು ತಾವು ಹೆದ್ದಾರಿಯಲ್ಲಿ ಹೋಗುವಾಗ ನೋಡಿಯೇ ಇರುತ್ತೀರಿ. ಅಂಥ ಯಂತ್ರಗಳ ವ್ಯವಹಾರ ನೋಡುವ ಒಂದು ಕಂಪನಿಯ ಕಚೇರಿಯಲ್ಲಿ ಅವನಿಗೆ ಕೆಲಸ. ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಮನೆಗೆ ಬಂದ. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಕುಳಿತ.

“ಮೇಷ್ಟ್ರೇ, ತಾವು ಒಂದು ಕಾಗದ ಬರೆದುಕೊಡಬೇಕು. ಸಮಜಾಯಿಷಿ ಕೇಳಿದ್ದಾರೆ” ಎಂದ.

“ಏನಪ್ಪಾ ತಪ್ಪು ಮಾಡಿದೆ?” ಎಂದು ಕೇಳಿದೆ.

“ಹೇಳಿದ್ದನ್ನು ಮಾಡಿದೆ, ಅದೇ ತಪ್ಪಾಯಿತು” ಎಂದ.

ನಡೆದದ್ದು ಇಷ್ಟು. ಕಚೇರಿಯ ಲೆಕ್ಕಪತ್ರ ವಿಭಾಗಕ್ಕೆ ಸೇರಿದ ಒಂದು ಇ-ಮೇಲ್ ವಿಳಾಸವಿದೆ. ಅಲ್ಲಿಗೆ ಬರುವ ಕಾಗದಗಳನ್ನು ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ಬಾಣಂತಿ ರಜೆಯ ಮೇಲೆ ಹೋದಳು. ಲೆಕ್ಕದ ಕೆಲಸವನ್ನು ಚಿತ್ರದುರ್ಗದ ಒಬ್ಬ ಹೊರಗಿನ ಗುತ್ತಿಗೆದಾರರಿಗೆ ವಹಿಸಿದರು. ಮ್ಯಾನೇಜರು ನನ್ನ ಶಿಷ್ಯನನ್ನು ಕರೆದು, “ಆ ವಿಳಾಸಕ್ಕೆ ಬಂದದ್ದೆಲ್ಲ ಒಂದು ಪ್ರತಿ ಅವರ ವಿಳಾಸಕ್ಕೂ ತಾನಾಗಿ ಹೋಗುವ ಹಾಗೆ ಮಾಡಿಬಿಡಯ್ಯ” ಎಂದರು. ಗುತ್ತಿಗೆದಾರರದು ಕಂಪನಿಯ ವಿಳಾಸವಲ್ಲ. ಮನೆಮಂದಿಯೂ ನೋಡುವ ಸ್ವಂತ ವಿಳಾಸ. ಐದು ನಿಮಿಷದ ಕೆಲಸ. ಮಾಡಿದ, ಮರೆತ.

ಹೆಣ್ಣುಮಗಳು ಮಗುವಿಗೆ ಆರು ತಿಂಗಳಾದ ಮೇಲೆ ಕೆಲಸಕ್ಕೆ ಬಂದಳು. ಮುಂದಿನ ಯುಗಾದಿಯ ಹೊತ್ತಿಗೆ ಗುತ್ತಿಗೆಯೂ ಮುಗಿಯಿತು. ಅಂಚೆ ಮಾತ್ರ ಹರಿಯುತ್ತಲೇ ಇತ್ತು. ಸಿಬ್ಬಂದಿಯ ಸಂಬಳದ ಪಟ್ಟಿ, ಯಾರೋ ಒಬ್ಬರ ಆಪರೇಷನ್ನಿನ ಬಿಲ್ಲು, ಯಂತ್ರ ನಿಲ್ಲಿಸಲು ಜಮೀನು ಕೊಟ್ಟ ರೈತರ ಪಹಣಿ, ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲವೂ. ಕೊನೆಗೆ ಒಂದು ದಿನ ಆ ಗುತ್ತಿಗೆದಾರರೇ ಬರೆದರು: “ನನ್ನ ಕೆಲಸ ಮುಗಿದು ತಿಂಗಳುಗಳಾದವು. ನಿಮ್ಮ ಕಾಗದಗಳು ಇನ್ನೂ ಬರುತ್ತಿವೆ. ದಯವಿಟ್ಟು ನಿಲ್ಲಿಸಿ.” ಸಜ್ಜನರು. ಆದರೆ ಅದೇ ವಾರ ಹೊಸದುರ್ಗ ತಾಲ್ಲೂಕಿನ ಒಬ್ಬ ರೈತರಿಗೆ ಯಾರೋ ದೂರವಾಣಿ ಮಾಡಿ, ಅವರಿಗೆ ಬರಬೇಕಾದ ಜಮೀನಿನ ಬಾಡಿಗೆಯ ಮೊತ್ತವನ್ನು ರೂಪಾಯಿ ತಪ್ಪದಂತೆ ಹೇಳಿ, ಬ್ಯಾಂಕಿನಿಂದ ಬಂದ ಸಂಖ್ಯೆಯನ್ನು ತಿಳಿಸಿ ಎಂದು ಕೇಳಿದ್ದರು. ರೈತರು ಸಂದೇಹಪಟ್ಟು ಹೇಳಲಿಲ್ಲ, ಹಣ ಉಳಿಯಿತು. ಆದರೆ ಆ ಮೊತ್ತ ಹೊರಗಿನವನಿಗೆ ಹೇಗೆ ಗೊತ್ತಾಯಿತು?

ಈ ಎರಡಕ್ಕೂ ಸಂಬಂಧ ಉಂಟೋ ಇಲ್ಲವೋ ಯಾರೂ ಹೇಳಲಾರರು. ಹೇಳಲಾರದಿರುವುದೇ ಇಲ್ಲಿನ ಸಂಕಟ. ಗುತ್ತಿಗೆದಾರರು ತಮ್ಮ ಮೇಲೆ ಸಂದೇಹ ಬಂತಲ್ಲ ಎಂದು ನೊಂದುಕೊಂಡರು. ಮ್ಯಾನೇಜರು ತಾವು ಹಾಗೆ ಹೇಳಿದ ನೆನಪಿಲ್ಲ ಎಂದರು. ಬಾಯಿಮಾತಿನ ಅಪ್ಪಣೆ, ಕೈಯಿಂದ ಮಾಡಿದ ಕೆಲಸ. ಇವೆರಡರಲ್ಲಿ ಸಾಕ್ಷಿ ಉಳಿಯುವುದು ಕೈಯ ಕೆಲಸಕ್ಕೆ ಮಾತ್ರ.

ಕನ್ನಡ ಪಂಡಿತನಾದ ನನಗೆ ಇಂಥ ಸಂದರ್ಭದಲ್ಲಿಯೂ ಶಬ್ದದ ಮೇಲೆ ಗಮನ ಹೋಗುತ್ತದೆ, ತಾವು ಕ್ಷಮಿಸಬೇಕು. ಅಂಚೆ ಎಂದರೆ ಹಳಗನ್ನಡದಲ್ಲಿ ಹಂಸಪಕ್ಷಿ. ಹಂಸ ಶಬ್ದದ ತದ್ಭವ. ಕಾಗದ ಹೊರುವ ಅಂಚೆಗೂ ಈ ಹಂಸಕ್ಕೂ ನಂಟು ಉಂಟೇ ಎಂಬುದು ಪಂಡಿತರ ವಾದಕ್ಕೆ ಬಿಟ್ಟ ವಿಷಯ. ಆದರೂ ನಳನ ಮಾತನ್ನು ದಮಯಂತಿಯ ಬಳಿಗೆ ಒಯ್ದ ಹಂಸ ನೆನಪಾಗದಿರದು. ಅದು ಸಖಿಯರ ಗುಂಪಿನಲ್ಲಿ ಬಾಯಿಬಿಡಲಿಲ್ಲ. ದಮಯಂತಿಯನ್ನು ದೂರಕ್ಕೆ ಕರೆದೊಯ್ದು, ಅವಳೊಬ್ಬಳೇ ಇದ್ದಾಗ ಹೇಳಿತು. ಉದ್ಯಾನದಲ್ಲಿ ಸುತ್ತ ನಿಂತವರಿಗೆಲ್ಲ ಒಂದೊಂದು ಪ್ರತಿ ಹಂಚಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಚರಿತ್ರೆಯ ಅಂಚೆ ಇಷ್ಟು ನಿರ್ಮಲವಲ್ಲ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯನ್ನು ಏರ್ಪಡಿಸಿದರೆಂದು ಹೇಳುತ್ತಾರೆ. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು. ಆ ಹಳೆಯ ಅಂಚೆಯವರಿಗೆ ಕಾಗದ ಹೊರುವುದಷ್ಟೇ ಕೆಲಸವಲ್ಲ. ಊರೂರಿನ ಸುದ್ದಿಯನ್ನು ದೊರೆಗೆ ಮುಟ್ಟಿಸುವುದೂ ಅವರ ಕೆಲಸವೇ. ಕಾಗದ ಹೊತ್ತವನ ಕಾಲಿನ ಜೊತೆಗೆ ಕಣ್ಣುಕಿವಿಗಳೂ ದುಡಿಯುತ್ತಿದ್ದವು. ಆದ್ದರಿಂದ ನಮ್ಮ ಹಿರಿಯರು ಗುಟ್ಟಿನ ಮಾತನ್ನು ಕಾಗದದಲ್ಲಿ ಬರೆಯದೆ ನಂಬಿಕೆಯ ಮನುಷ್ಯನನ್ನೇ ಕಳುಹಿಸುತ್ತಿದ್ದರು.

ದುರ್ಗದವನಾಗಿ ಇನ್ನೊಂದನ್ನು ಹೇಳದೆ ಇರಲಾರೆ. ಒನಕೆ ಓಬವ್ವನ ಕಿಂಡಿಯನ್ನು ತಾವು ಕೋಟೆಯಲ್ಲಿ ನೋಡಿರಬಹುದು. ನೋಡದಿದ್ದರೆ 1972ರ ‘ನಾಗರಹಾವು’ ಚಲನಚಿತ್ರದಲ್ಲಾದರೂ ನೋಡಿರುತ್ತೀರಿ. ಎಲ್ಲರೂ ಒನಕೆಯನ್ನು ನೆನೆಯುತ್ತಾರೆ. ಶಾಲೆಯ ಮಕ್ಕಳನ್ನು ಕೋಟೆಗೆ ಕರೆದೊಯ್ದಾಗಲೆಲ್ಲ ನಾನು ಕೇಳುವುದು ಬೇರೆ ಪ್ರಶ್ನೆ: ಹೈದರಾಲಿಯ ಸೈನಿಕರಿಗೆ ಆ ಕಿಂಡಿ ಇರುವುದು ಗೊತ್ತಾದದ್ದು ಹೇಗೆ? ಹಾಲು ಮೊಸರು ಮಾರುವ ಹೆಂಗಸೊಬ್ಬಳು ಆ ಸಂದಿಯಿಂದ ಹೋಗಿ ಬರುವುದನ್ನು ಅವರು ಕಂಡರೆಂದು ಜನ ಹೇಳುತ್ತಾರೆ. ಅವಳು ದ್ರೋಹಿಯಲ್ಲ. ಸುತ್ತಿಕೊಂಡು ಹೆಬ್ಬಾಗಿಲಿಗೆ ಹೋಗುವುದು ದೂರ, ಇದು ಹತ್ತಿರ, ಅಷ್ಟೆ. ಏಳು ಸುತ್ತಿನ ಕೋಟೆಗೆ ಬಾಗಿಲು, ಕಾವಲು ಎಲ್ಲ ಇದ್ದವು. ಅನುಕೂಲದ ದಾರಿಗೆ ಒಬ್ಬನೇ ಕಾವಲುಗಾರ. ಅವನು ಊಟಕ್ಕೆ ಹೋಗಿದ್ದ. ಓಬವ್ವ ನೀರಿಗೆ ಬಂದದ್ದರಿಂದ ಅಂದಿಗೆ ದುರ್ಗ ಉಳಿಯಿತು. ನನ್ನ ಶಿಷ್ಯನ ಕಚೇರಿಯ ಕಿಂಡಿಗೆ ಯಾವ ಓಬವ್ವನೂ ಇರಲಿಲ್ಲ. ಅಲ್ಲಿ ಒಳಗೆ ನುಗ್ಗುವವರೂ ಇರಲಿಲ್ಲವೆನ್ನಿ. ಒಳಗಿನದು ಹೊರಗೆ ಸೋರುತ್ತಿತ್ತು, ಸದ್ದಿಲ್ಲದೆ.

ಇದು ಹಿರಿಯೂರಿನ ಒಂದು ಸಣ್ಣ ಕಚೇರಿಯ ಅಜ್ಞಾನವೆಂದು ತಾವು ತಿಳಿಯಬಾರದು. ಅಮೆರಿಕದ ಸೈನ್ಯದ ಮಿಂಚಂಚೆಯ ವಿಳಾಸಗಳು ‘ಎಂ ಐ ಎಲ್’ ಎಂಬ ಮೂರಕ್ಷರದಿಂದ ಮುಗಿಯುತ್ತವೆ. ಆಫ್ರಿಕದ ಮಾಲಿ ದೇಶದವು ‘ಎಂ ಎಲ್’ ಎಂಬ ಎರಡಕ್ಷರದಿಂದ. ನಡುವಿನ ‘ಐ’ ಒಂದನ್ನು ಬಿಟ್ಟು ಟೈಪು ಮಾಡಿದವರ ಕಾಗದಗಳು ವರ್ಷಗಟ್ಟಲೆ ಮಾಲಿಯ ವಿಳಾಸಗಳಿಗೆ ಹೋದವು. 2023ರ ಜುಲೈಯಲ್ಲಿ ಪತ್ರಿಕೆಗಳಲ್ಲಿ ಬಯಲಾದಂತೆ, ಆ ವರ್ಷದ ಜನವರಿಯಿಂದೀಚೆಗೆ ಹೀಗೆ ಬಂದವೇ ಒಂದು ಲಕ್ಷಕ್ಕೂ ಮಿಗಿಲು. ಅವುಗಳಲ್ಲಿ ವೈದ್ಯಕೀಯ ವಿವರಗಳು, ಅಧಿಕಾರಿಗಳ ಪ್ರವಾಸದ ಪಟ್ಟಿಗಳೂ ಇದ್ದವು. ಮಾಲಿಯ ವಿಳಾಸಗಳನ್ನು ನೋಡಿಕೊಳ್ಳುತ್ತಿದ್ದ ಡಚ್ ಗುತ್ತಿಗೆದಾರನೇ ಅಮೆರಿಕಕ್ಕೆ ಮತ್ತೆ ಮತ್ತೆ ಎಚ್ಚರಿಕೆ ಹೇಳಿದವನು. ಅಲ್ಲಿಯೂ ಗುತ್ತಿಗೆದಾರನೇ ಸಜ್ಜನ, ನೋಡಿ!

ನಮ್ಮ ದೇಶದಲ್ಲಿ 2015ರಲ್ಲಿ ಸುದ್ದಿಯಾದ ಪ್ರಕರಣ ಇನ್ನೊಂದು. ಓಎನ್‌ಜಿಸಿ ಎಂಬ ತೈಲ ಸಂಸ್ಥೆಯ ವಿಳಾಸದಲ್ಲಿ ‘ಎನ್’ ಮತ್ತು ‘ಜಿ’ ಎಂಬೆರಡು ಅಕ್ಷರಗಳನ್ನು ಹಿಂದುಮುಂದು ಮಾಡಿ ಕಳ್ಳರು ಹೊಸ ವಿಳಾಸ ಕಟ್ಟಿದರು; ಸೌದಿ ಅರೇಬಿಯಾದ ಗಿರಾಕಿ ಸಂಸ್ಥೆ ಅದನ್ನು ನಂಬಿ ಸುಮಾರು 197 ಕೋಟಿ ರೂಪಾಯಿಯನ್ನು ಬೇರೆ ಖಾತೆಗೆ ಕಟ್ಟಿತು. ಅದು ತಿರುಗಿಸಿ ಕಳುಹಿಸಿದ ಅಂಚೆಯ ಮಾತಲ್ಲ, ಖೋಟಾ ವಿಳಾಸದ ಮಾತು. ಆದರೆ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಬೇಕೆನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದುವಾಗ ನನ್ನ ವಿದ್ಯಾರ್ಥಿಗಳು “ಒಂದಕ್ಷರಕ್ಕೆ ಇಷ್ಟೇಕೆ ಸಾರ್” ಎಂದು ಗೊಣಗುತ್ತಾರೆ. ಈಗ ನನ್ನ ಬಳಿ 197 ಕೋಟಿಯ ಉತ್ತರವಿದೆ.

ಬಲ್ಲವರು ಈ ಕಿಂಡಿಯನ್ನು ಮೊದಲೇ ಕಂಡಿದ್ದಾರೆ. ಮೈಕ್ರೋಸಾಫ್ಟ್ ಸಂಸ್ಥೆ ಕಚೇರಿಗಳಿಗೆ ಒದಗಿಸುವ ಅಂಚೆಯಲ್ಲಿ, ಸಂಸ್ಥೆಯ ಹೊರಗಿನ ವಿಳಾಸಕ್ಕೆ ತಾನಾಗಿ ಹರಿಯುವ ದಾರಿಯನ್ನು 2020ರಿಂದೀಚೆಗೆ ಮುಚ್ಚಿಯೇ ಇಟ್ಟಿರುತ್ತಾರೆ. ಮೇಲ್ವಿಚಾರಕರು ಬೇಕೆಂದೇ ತೆರೆದರೆ ಮಾತ್ರ ತೆರೆಯುತ್ತದೆ. ಜಿಮೇಲ್ ಇನ್ನೊಂದು ಬಗೆ: ಯಾವ ವಿಳಾಸಕ್ಕೆ ಕಳುಹಿಸಬೇಕೋ ಅವರ ಒಪ್ಪಿಗೆ ಕೇಳುತ್ತದೆ, ಆಮೇಲೆ ಮೊದಲ ವಾರ “ನಿಮ್ಮ ಅಂಚೆ ಬೇರೆಡೆಗೆ ಹೋಗುತ್ತಿದೆ” ಎಂದು ಪುಟದ ನೆತ್ತಿಯ ಮೇಲೆ ನೆನಪಿಸುತ್ತದೆ. ವಾರ ಕಳೆದ ಮೇಲೆ ಮೌನ. ಭಾರತ ಸರ್ಕಾರ 2015ರಲ್ಲಿ ಹೊರಡಿಸಿದ ಇ-ಮೇಲ್ ನೀತಿಯಂತೂ ಸರ್ಕಾರಿ ಕೆಲಸಕ್ಕೆ ಖಾಸಗಿ ವಿಳಾಸ ಕೂಡದು ಎಂದಿತು. ಕೆಲಸ ಬಿಟ್ಟು ಹೋದವರ ವಿಳಾಸ ಮುಚ್ಚಿದ ಮೇಲೆ ಅಲ್ಲಿಗೆ ಬರುವ ಕಾಗದವನ್ನು ಬೇರೆ ಯಾವ ವಿಳಾಸಕ್ಕೂ ತಿರುಗಿಸಬಾರದು ಎಂದೂ ಹೇಳಿತು. ಮೇಷ್ಟರುಗಳ ಹಳೆಯ ವಿಧಿಗೆ ನೇರ ವಿರೋಧ! ಆದರೆ ಕಾರಣ ಸರಿಯಾದದ್ದು: ಆ ಕಾಗದ ವ್ಯಕ್ತಿಯದಲ್ಲ, ಕಚೇರಿಯದು. ನನ್ನ ತಂಗಿ ಬರೆದ ಕಾರ್ಡು ನನ್ನ ಹಿಂದೆ ಹೊಳಲ್ಕೆರೆಗೆ ಬರಬೇಕು. ಮುಖ್ಯೋಪಾಧ್ಯಾಯರಿಗೆಂದು ಬಂದ ಲಕೋಟೆ ಶಾಲೆಯಲ್ಲೇ ಉಳಿಯಬೇಕು.

ಕಳ್ಳರಿಗೂ ಈ ವಿದ್ಯೆ ಗೊತ್ತಿದೆಯೆಂಬುದನ್ನು ಮರೆಯಬಾರದು. ಯಾರದೋ ಗುಪ್ತಪದ ಕೈಗೆ ಸಿಕ್ಕಿದ ಕೂಡಲೇ ಅವರು ಮಾಡುವ ಕೆಲಸಗಳಲ್ಲಿ ಒಂದು, ಬರುವ ಅಂಚೆಯ ಪ್ರತಿ ತಮಗೂ ಬರುವಂತೆ ಏರ್ಪಾಡು ಮಾಡಿಟ್ಟು ಸುಮ್ಮನಾಗುವುದು. ಮನೆಯಾತ ಸಂದೇಹಗೊಂಡು ಗುಪ್ತಪದವನ್ನು ಬದಲಾಯಿಸಿದರೂ ಆ ಏರ್ಪಾಡು ಅಳಿಯುವುದಿಲ್ಲ. ಬೀಗ ಬದಲಾಯಿಸಿ, ಹಿತ್ತಲ ಮೋರಿಯನ್ನು ಮರೆತ ಹಾಗೆ.

ಇನ್ನು ಕೈಯಾರೆ ತಿರುಗಿಸುವ ಕಾಗದದ ಅಪಾಯ ಬೇರೆ: ಅದರ ಬಾಲ. ಉತ್ತರ ಪ್ರತ್ಯುತ್ತರ ಬೆಳೆದು ಹತ್ತು ಕಾಗದಗಳು ಒಂದರ ಕೆಳಗೊಂದು ಜೋತುಬಿದ್ದಿರುತ್ತವೆ. ಮೇಲಿನ ಎರಡು ಸಾಲು ಗುತ್ತಿಗೆದಾರರಿಗೆ ಬೇಕಾದದ್ದು. ಎಲ್ಲಕ್ಕಿಂತ ಕೆಳಗೆ, “ಈತ ಎಷ್ಟು ಕೇಳಿದರೂ ಇಷ್ಟರ ಮೇಲೆ ಒಪ್ಪಬೇಡಿ” ಎಂದು ಯಜಮಾನರು ವಾರದ ಹಿಂದೆ ಬರೆದದ್ದು. ಇಂಥದನ್ನು ಓದಿದ ಗುತ್ತಿಗೆದಾರರು ಚೌಕಾಸಿಗೆ ಕುಳಿತಾಗ ಅವರ ಮುಖದಲ್ಲಿ ಸಣ್ಣ ನಗೆ ಇರುವುದು ಸಹಜವಷ್ಟೆ.

ಕಾನೂನು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮಕ್ಕೆ ತಂದ ತಿದ್ದುಪಡಿಯ 72ಎ ಕಲಮು 2009ರಿಂದ ಜಾರಿಯಲ್ಲಿದೆ: ಒಪ್ಪಂದದ ಮೇಲೆ ಕೆಲಸ ಮಾಡುವಾಗ ಕೈಗೆ ಬಂದ ಇನ್ನೊಬ್ಬರ ಸ್ವಂತ ವಿವರವನ್ನು, ಹಾನಿಯಾಗುವುದೆಂದು ತಿಳಿದೂ ಒಪ್ಪಿಗೆಯಿಲ್ಲದೆ ಹೊರಗೆಡಹಿದವರಿಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಮತ್ತೂ ಮುಂದೆ ಹೋಗುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತಿವೆ. ಹೊರಗಿನವರಿಂದ ಕೆಲಸ ಮಾಡಿಸುವ ಕಂಪನಿ ಅವರೊಡನೆ ಒಪ್ಪಂದ ಮಾಡಿಕೊಂಡಿರಬೇಕು. ವಿವರಗಳಿಗೆ ತಕ್ಕ ಕಾವಲು ಇಡದಿದ್ದರೆ ಹೊಣೆ ಕಂಪನಿಯದೇ. ದಂಡ 250 ಕೋಟಿ ರೂಪಾಯಿಯವರೆಗೂ ಏರಬಹುದು. ಕಾಗದ ಯಾರ ಮನೆಯಲ್ಲಿ ಸಿಕ್ಕಿತು ಎಂಬುದರಿಂದ ಹೊಣೆ ಕಳೆಯುವುದಿಲ್ಲ.

ಹಾಗಾದರೆ ಗುತ್ತಿಗೆದಾರರು ಕೆಲಸ ಮಾಡುವುದು ಹೇಗೆ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವರನ್ನು ಅಸ್ಪೃಶ್ಯರಂತೆ ಕಾಣಬೇಕಿಲ್ಲ. ಕಂಪನಿಯೇ ತನ್ನ ಹೆಸರಿನಲ್ಲಿ ಅವರಿಗೊಂದು ವಿಳಾಸ ಮಾಡಿಕೊಟ್ಟು, ಅವರ ಕೆಲಸಕ್ಕೆ ಬೇಕಾದ ಕಾಗದ ಮಾತ್ರ ಅಲ್ಲಿಗೆ ಬರುವಂತೆ ಮಾಡಬಹುದು. ಗುತ್ತಿಗೆ ಮುಗಿದ ದಿನ ಆ ವಿಳಾಸವನ್ನು ಮುಚ್ಚಿದರಾಯಿತು. ಕೋಣೆಯ ಬೀಗದಕೈ ಹಿಂದಕ್ಕೆ ಪಡೆದಂತೆ. ತಿರುಗಿಸಲೇಬೇಕಾದ ತುರ್ತು ಬಂದರೆ, ಯಾರು ಹೇಳಿದರು, ಯಾವ ತಾರೀಖಿನವರೆಗೆ ಎಂಬುದು ಒಂದು ಸಾಲಿನಲ್ಲಾದರೂ ಬರಹದಲ್ಲಿರಲಿ. ನನ್ನ ಶಿಷ್ಯನ ಬಳಿ ಆ ಒಂದು ಸಾಲು ಇದ್ದಿದ್ದರೆ ಅವನು ಭಾನುವಾರ ನನ್ನ ಮನೆಗೆ ಬರಬೇಕಾಗಿರಲಿಲ್ಲ. ಗುತ್ತಿಗೆದಾರರಿಗೂ ಇದೇ ಕ್ಷೇಮ. ಬೇಡದ ಗುಟ್ಟುಗಳು ಮನೆಗೆ ಬಂದು ಬಿದ್ದರೆ, ನಾಳೆ ಏನಾದರೂ ಆದಾಗ ಮೊದಲು ಬೆರಳು ತೋರಿಸುವುದು ಅವರ ಕಡೆಗೇ.

ಸಮಜಾಯಿಷಿಯನ್ನು ನಾನು ಬರೆದುಕೊಡಲಿಲ್ಲ, ಅವನಿಂದಲೇ ಬರೆಸಿದೆ. ಯಾರನ್ನೂ ದೂರದೆ, ಏನು ಹೇಳಿದರು, ಏನು ಮಾಡಿದೆ, ಯಾವಾಗ ಮರೆತೆ ಎಂದು ಇದ್ದದ್ದು ಇದ್ದಂತೆ. “ಮರೆತದ್ದನ್ನು ಬರೆಯಲೇಬೇಕೇ ಮೇಷ್ಟ್ರೇ?” ಎಂದು ಎರಡು ಸಲ ಕೇಳಿದ. ಬರೆಯಲೇಬೇಕು ಎಂದೆ. ಜಮೀನಿನ ಕಾಗದ ಕೊಟ್ಟ ರೈತರಿಗೆಲ್ಲ ವಿಷಯ ತಿಳಿಸಿ, ಅಪರಿಚಿತ ಕರೆ ಬಂದರೆ ಮಾತು ಮುಂದುವರಿಸಬಾರದು, ಹಣ ಹೋದರೆ ಕೂಡಲೇ 1930ಕ್ಕೆ ದೂರವಾಣಿ ಮಾಡಬೇಕು ಎಂದು ಹೇಳತಕ್ಕದ್ದೆಂದು ಕೊನೆಯಲ್ಲಿ ಸೇರಿಸಿದ. ಇದು ಅವನದೇ ಯೋಚನೆ; ನನಗೆ ಹೊಳೆದಿರಲಿಲ್ಲ. ಒಂದು ಎಚ್ಚರಿಕೆಯ ಪತ್ರದೊಡನೆ ಕೆಲಸ ಉಳಿಯಿತು.

ಅವನಿಗೆ ಬುದ್ಧಿ ಹೇಳುತ್ತ ಹೇಳುತ್ತ ನನ್ನ ಎದೆಯಲ್ಲಿ ಒಂದು ಅಳುಕು ಶುರುವಾಗಿತ್ತು. ಹಿಂದೆ ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ, ಕಂಪ್ಯೂಟರು ನನಗೆ ಒಗ್ಗದೆ, ಮಕ್ಕಳ ವಿವರ ತುಂಬುವ ಕೆಲಸವನ್ನು ಪಕ್ಕದ ಜೆರಾಕ್ಸ್ ಅಂಗಡಿಯವನಿಗೆ ಕೊಟ್ಟಿದ್ದೆ. “ಮೇಲ್ ನನಗೇ ಬರೋ ಹಾಗೆ ಮಾಡಿಬಿಡ್ತೀನಿ ಸಾರ್, ನೀವು ಓಡಾಡೋದು ತಪ್ಪುತ್ತೆ” ಎಂದಿದ್ದ. ಎಂಥ ಉಪಕಾರಿ ಎಂದುಕೊಂಡಿದ್ದೆ. ಆ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನವೇ ನಮ್ಮ ಮಕ್ಕಳ ತಂದೆತಾಯಿಗಳಿಗೆ ಎಲ್ಲೆಲ್ಲಿಯದೋ ಕಾಲೇಜುಗಳ ಏಜೆಂಟರಿಂದ ಕರೆಗಳು ಬಂದವು. ಮಗುವಿನ ಹೆಸರು ಹಿಡಿದು, ಜಾತಿ ಆದಾಯದ ವಿವರವನ್ನೂ ಹೇಳಿ. ಒಬ್ಬ ತಾಯಿ ಶಾಲೆಗೆ ಬಂದು, “ನಮ್ಮ ಮನೆಯ ಆದಾಯ ಅವರಿಗೆ ಹೇಗೆ ಗೊತ್ತಾಯಿತು ಮೇಷ್ಟ್ರೇ?” ಎಂದು ಕೇಳಿದ್ದರು. ಎಲ್ಲ ಕಡೆಯೂ ಹೀಗೇ ಅಮ್ಮಾ, ಕಾಲ ಕೆಟ್ಟಿದೆ, ಎಂದು ಕಾಲದ ಮೇಲೆ ಹಾಕಿ ಕಳುಹಿಸಿದ್ದೆ.

ಮಾರನೆಯ ದಿನ ಆ ಶಾಲೆಗೆ ಶಿಷ್ಯನನ್ನೂ ಕರೆದುಕೊಂಡು ಹೋದೆ. ಈಗಿನ ಮುಖ್ಯೋಪಾಧ್ಯಾಯಿನಿಯವರಿಗೆ ನಡೆದದ್ದನ್ನು ಹೇಳಿ, ಅವರ ಅನುಮತಿಯಿಂದ ಅವರೆದುರಿಗೇ ಶಾಲೆಯ ಅಂಚೆಯ ವ್ಯವಸ್ಥೆಯ ಪುಟವನ್ನು ತೆರೆಸಿದೆ. ಅಲ್ಲಿ ಎರಡು ಹೊರಗಿನ ವಿಳಾಸಗಳಿದ್ದವು. ಒಂದು ಅಂಗಡಿಯವನದು, ಅವನು ಅಂಗಡಿ ಮುಚ್ಚಿ ಬೆಂಗಳೂರು ಸೇರಿ ಮೂರು ವರ್ಷವಾಗಿತ್ತು. ಇನ್ನೊಂದು ಯಾರದೆಂದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಎರಡನ್ನೂ ತೆಗೆದು, ಗುಪ್ತಪದ ಬದಲಾಯಿಸಿ, ಆ ತಾಯಿಯ ಮನೆಯ ವಿಳಾಸವನ್ನು ಹಾಜರಿ ಪುಸ್ತಕದಿಂದ ಬರೆದುಕೊಂಡು ಬಂದೆ.